ಗೊಲ್ಲತಿಯಿಂದ ಶಿನ್‌ಚಾನ್‌ವರೆಗೆ: ಗೋಕಾಕ ಸೀಮೆಯಲ್ಲಿ ಮಕ್ಕಳ ಪ್ರೇಕ್ಷಕವರ್ಗ

ಟಿ.ವಿ. ಬಾಲ್ಯವನ್ನು ಅಳಿಸಿಹಾಕುತ್ತದೆ ಎಂದು ನೀಲ್ ಪೋಸ್ಟ್‌ಮನ್ 1982ರಲ್ಲಿ ವಾದಿಸಿದರು. ಮುದ್ರಣ ಬಂದಮೇಲೆ ಓದಬಲ್ಲ ಹಿರಿಯರು ಒಂದು ಕಡೆ, ಓದು ಕಲಿಯಬೇಕಾದ ಮಕ್ಕಳು ಇನ್ನೊಂದು ಕಡೆ ಆದರು. ಹಿರಿಯರ ಗುಟ್ಟುಗಳು ಪುಸ್ತಕದೊಳಗೆ ಸೇರಿದವು, ಆ ಅಂತರದಲ್ಲಿ ಬಾಲ್ಯ ಹುಟ್ಟಿತು. ಅಕ್ಷರದ ಹಂಗಿಲ್ಲದ ಟಿ.ವಿ. ಆ ಗುಟ್ಟುಗಳನ್ನೆಲ್ಲ ಬಯಲಿಗೆ ತಂದಿತು. ಇದು ಅವರ ತರ್ಕ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಇದನ್ನು ಅನ್ವಯಿಸಿದರೆ ಬಹುಮಟ್ಟಿಗೆ ತಲೆಕೆಳಗಾಗುತ್ತದೆ ಎಂಬುದು ನನ್ನ ವಾದ.

ಕಾರ್ಟೂನು ಮಕ್ಕಳ ನಡತೆಯನ್ನು ತಿದ್ದುತ್ತದೆ, ಕೆಡಿಸಲೂಬಹುದು ಎಂಬಲ್ಲಿ ಹೆಚ್ಚು ತಕರಾರಿಲ್ಲ. ಬಂಡೂರ ಮತ್ತು ಸಂಗಡಿಗರ 1963ರ ಪ್ರಯೋಗದಲ್ಲಿ ಕಾರ್ಟೂನ್ ಬೆಕ್ಕಿನ ಹೊಡೆದಾಟವನ್ನು ಕಂಡ ಮಕ್ಕಳೂ ಗೊಂಬೆಯನ್ನು ಹೆಚ್ಚಾಗಿ ಬಡಿದರು. ವೇಗದ ಕಾರ್ಟೂನನ್ನು ಒಂಬತ್ತೇ ನಿಮಿಷ ನೋಡಿದ ನಾಲ್ಕು ವರ್ಷದ ಮಕ್ಕಳ ಏಕಾಗ್ರತೆ, ಸಂಯಮಗಳು ತತ್ಕಾಲಕ್ಕೆ ಕುಗ್ಗಿದ್ದನ್ನು ಲಿಲಾರ್ಡ್ ಮತ್ತು ಪೀಟರ್‌ಸನ್ 2011ರಲ್ಲಿ ತೋರಿಸಿದರು. ಅದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ.

ತಕರಾರಿರುವುದು ಪೋಸ್ಟ್‌ಮನ್ನರ ಆರಂಭದ ಬಿಂದುವಿನಲ್ಲಿ. ಟಿ.ವಿ. ಬರುವ ಮೊದಲು ಮಕ್ಕಳಿಗೂ ಹಿರಿಯರಿಗೂ ಬೇರೆ ಬೇರೆ ಕಥಾಲೋಕಗಳಿದ್ದವು ಎಂದು ಅವರು ಹಿಡಿಯುತ್ತಾರೆ. ಈ ಸೀಮೆಯಲ್ಲಿ ಕಥೆ ನೋಡುವ ದೊಡ್ಡ ಜಾಗವೆಂದರೆ ಬಯಲಾಟದ ಅಂಗಳ. ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಹೆಸರು ತಂದ ಶ್ರೀಕೃಷ್ಣ ಪಾರಿಜಾತದ ವಸ್ತುವೇ ಸವತಿಯರ ಮತ್ಸರ. ಒಂದು ಹೂವು ರುಕ್ಮಿಣಿಗೆ ಸಂದದ್ದಕ್ಕೆ ಸತ್ಯಭಾಮೆ ಮುನಿಯುತ್ತಾಳೆ. ಅದರ ಗೊಲ್ಲತಿಯ ಪ್ರಸಂಗದಲ್ಲಿ ಬರುವ ದ್ವಂದ್ವಾರ್ಥದ ಸಂವಾದವನ್ನು ಇಂದು ಯಾವ ಶಾಲೆಯ ವಾರ್ಷಿಕೋತ್ಸವವೂ ಒಪ್ಪಲಾರದು. ಸಣ್ಣಾಟ ‘ಸಂಗ್ಯಾ ಬಾಳ್ಯಾ’ದಲ್ಲಂತೂ ಪರಸ್ತ್ರೀ ಮೋಹ, ಗೆಳೆಯನ ದ್ರೋಹ, ಕೊಲೆ ಎಲ್ಲವೂ ಇವೆ. ಇವನ್ನೆಲ್ಲ ಮಕ್ಕಳು ಅಂಗಳದ ಮುಂಭಾಗದಲ್ಲೇ ಕೂತು, ತೂಕಡಿಸುತ್ತ, ಎಚ್ಚರಾಗುತ್ತ ಬೆಳಗಿನವರೆಗೆ ನೋಡಿದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಓದಿದ ಚಂದ್ರಶೇಖರ ಕಂಬಾರರ ನಾಟಕಗಳಲ್ಲಿ ಕಾಮವೂ ಹಾಸ್ಯವೂ ಸಂಕೋಚವಿಲ್ಲದೆ ಬೆರೆಯುವುದಕ್ಕೆ ಈ ಅಂಗಳದ ಋಣ ದೊಡ್ಡದು. ಪೋಸ್ಟ್‌ಮನ್ನರು ಹೇಳುವ ಗುಟ್ಟು ಇಲ್ಲಿ ಗುಟ್ಟಾಗಿ ಇರಲೇ ಇಲ್ಲ.

ಇದಕ್ಕೆ ಆಕ್ಷೇಪವೊಂದು ಸಹಜ. ಗೋಕಾಕದ ಬಣ್ಣದ ಮರದ ಗೊಂಬೆಗಳು, ಆಷಾಢದ ಗುಳ್ಳವ್ವ, ಮಣ್ಣೆತ್ತು ಇವು ಮಕ್ಕಳ ಲೋಕವಲ್ಲವೇ? ಹೌದು. ಆದ್ದರಿಂದಲೇ ಇಲ್ಲಿ ಬಾಲ್ಯವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆಟ ಇತ್ತು, ಆದರೆ ಅದೂ ಹಿರಿಯರ ಹಬ್ಬದ ಪಂಚಾಂಗಕ್ಕೆ ಹೊಂದಿಕೊಂಡಿತ್ತು. ಇಲ್ಲದಿದ್ದುದು ಮಕ್ಕಳಿಗೆಂದೇ ಮೀಸಲಾದ ಪ್ರದರ್ಶನ. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮದಂಥ ಪತ್ರಿಕೆ ಓದು ಬಲ್ಲ, ಕೊಳ್ಳಬಲ್ಲ ಮನೆಗಳನ್ನಷ್ಟೇ ಮುಟ್ಟಿತು.

ಆ ಮೀಸಲು ಜಾಗವನ್ನು ಕಟ್ಟಿದ್ದು ಅನಿಮೇಷನ್. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನ ತೋರಿಸಿದ ಜಂಗಲ್ ಬುಕ್, ಡಕ್‌ಟೇಲ್ಸ್ ಇನ್ನೂ ಮನೆಮಂದಿಯ ನಡುವಿನ ನೋಟವಾಗಿದ್ದವು. 1995ರಲ್ಲಿ ಬಂದ ಕಾರ್ಟೂನ್ ನೆಟ್‌ವರ್ಕ್ ಮೊದಲ ವರ್ಷಗಳಲ್ಲಿ ಹಗಲೆಲ್ಲ ಕಾರ್ಟೂನು ತೋರಿಸಿ, ರಾತ್ರಿ ಅದೇ ವಾಹಿನಿಯನ್ನು ಟಿಎನ್‌ಟಿಯ ಚಲನಚಿತ್ರಗಳಿಗೆ ಬಿಟ್ಟುಕೊಡುತ್ತಿತ್ತು. ಮಕ್ಕಳ ಹೊತ್ತು, ದೊಡ್ಡವರ ಹೊತ್ತು ಎಂಬ ಗೆರೆಯನ್ನು ಗಡಿಯಾರವೇ ಎಳೆಯಿತು. 2004ರ ಪೋಗೊ, 2008ರ ಛೋಟಾ ಭೀಮ್ ಆ ಗೆರೆಯನ್ನು ದಪ್ಪಗೊಳಿಸಿದವು.

ಶಿನ್‌ಚಾನ್ ಪ್ರಕರಣ ನನಗೆ ನಿರ್ಣಾಯಕವಾಗಿ ಕಾಣುತ್ತದೆ. ಜಪಾನಿನಲ್ಲಿ ವಯಸ್ಕರ ಪತ್ರಿಕೆಯೊಂದರ ಚಿತ್ರಕಥೆಯಾಗಿ ಹುಟ್ಟಿದ ಈ ತುಂಟನನ್ನು 2008ರಲ್ಲಿ ಕೇಂದ್ರ ಸರ್ಕಾರ ತಡೆಯಿತು. ಮರುವರ್ಷ ಕತ್ತರಿ ಬಿದ್ದ ರೂಪದಲ್ಲಿ ಅವನು ಮರಳಿದ. ಹಿರಿಯರ ಮಾತು ಮಕ್ಕಳಿಗೆ ಸೋರಿತು ಎಂಬುದಕ್ಕೆ ಪೋಸ್ಟ್‌ಮನ್ನರ ಅನುಯಾಯಿಗಳು ಇದನ್ನೇ ಸಾಕ್ಷಿ ಮಾಡಬಹುದು. ಆದರೆ ಗೊಲ್ಲತಿಯ ಮಾತನ್ನು ಮಕ್ಕಳ ಕಿವಿಯಿಂದ ದೂರವಿಡಬೇಕೆಂದು ಬಯಲಾಟದ ಅಂಗಳಕ್ಕೆ ಅನಿಸಿರಲಿಲ್ಲ. ಶಿನ್‌ಚಾನನ ಮಾತಿಗೆ ಪಾಲಕರು ಗಾಬರಿಯಾದರೆಂದರೆ, ಕಾಪಾಡಬೇಕಾದ ಗಡಿಯೊಂದು ಅಷ್ಟರಲ್ಲಿ ಹುಟ್ಟಿತ್ತೆಂದೇ ಅರ್ಥ.

ಇನ್ನೊಂದು ಹೆಜ್ಜೆ ಮುಂದಿಡುತ್ತೇನೆ, ಅಳುಕಿನಿಂದಲೇ. ಈ ಕಾರ್ಟೂನುಗಳು ಬಹುಪಾಲು ಹಿಂದಿಯಲ್ಲಿ ಬಂದವು. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ವಿರೋಧವಿತ್ತು. ಮಕ್ಕಳ ವಾಹಿನಿ ಚಿಂಟು ಟಿ.ವಿ. ಬಂದದ್ದು 2009ರಲ್ಲಿ, ಡಬ್ಬಿಂಗ್ ತಡೆಯ ವಿರುದ್ಧ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಆದರೂ 2019ರ ಲಯನ್ ಕಿಂಗ್ ಹಿಂದಿ, ತಮಿಳು, ತೆಲುಗಿಗೆ ಬಂತು, ಕನ್ನಡಕ್ಕೆ ಬರಲಿಲ್ಲ. ಹೊಲದಿಂದ ಬಂದ ಅವ್ವನಿಗೆ ತಿಳಿಯದ ಮಾತು ಮಗುವಿಗೆ ತಿಳಿಯತೊಡಗಿತು. ಹೀಗೆ ಗುಟ್ಟು ಹಿರಿಯರ ಕೈಯಿಂದ ಮಕ್ಕಳ ಕೈಗೆ ದಾಟಿತೆನ್ನಬಹುದು. ಈ ಮಾತನ್ನು ಹಿಗ್ಗಿಸಬಾರದು. ಮರಾಠಿ ಬಲ್ಲ, ಹಿಂದಿ ಸಿನಿಮಾ ಕಂಡ ಹಿರಿಯರು ಈ ಗಡಿ ಸೀಮೆಯಲ್ಲಿ ಸಾಕಷ್ಟಿದ್ದಾರೆ. ಕೇಬಲ್ ಎಲ್ಲ ಮನೆಗೂ ಒಟ್ಟಿಗೇ ಬರಲಿಲ್ಲ. 1969ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ದೀಪ ಕಂಡ ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳ ಅನುಭವವೂ ಗೋಕಾಕ ಪಟ್ಟಣದ ಅನುಭವವೂ ಒಂದೇ ಆಗಿರಲಾರದು. ಮಗುವಿಗೆ ಈ ಹಿಂದಿಯಿಂದ ದಕ್ಕಿದ್ದೆಷ್ಟು, ತಪ್ಪಿದ್ದೆಷ್ಟು ಎಂಬುದೂ ತೀರ್ಮಾನವಾಗಿಲ್ಲ. ಕಾರ್ಟೂನಿನಲ್ಲಿ ಕೇಳಿದ ಕನ್ನಡವೂ ಮನೆಯಲ್ಲಿ ಆಡುವ ಬೆಳಗಾವಿ ಕಡೆಯ ಕನ್ನಡವಾಗಿರಲಿಲ್ಲ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಲೇಬೇಕು.

ತೆರೆದೇ ಉಳಿಯುವ ಪ್ರಶ್ನೆಯೊಂದಿದೆ. 2025ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡು ಮಕ್ಕಳನ್ನೂ ಹಿರಿಯರನ್ನೂ ಒಂದೇ ಚಿತ್ರಮಂದಿರಕ್ಕೆ ಕರೆತಂದಿತು. ಹಿರಣ್ಯಕಶಿಪು ಬಯಲಾಟಕ್ಕೂ ಹಳೆಯ ಪಾತ್ರವೇ. ಗೆರೆ ಮತ್ತೆ ಅಳಿಸುತ್ತಿದೆಯೇ ಎಂದು ಹೇಳಲು ಇನ್ನೂ ಕಾಲ ಬೇಕು. ಆದರೆ ಪಾರಿಜಾತದ ಅಂಗಳದಲ್ಲಿ ಮಕ್ಕಳು ಎಲ್ಲಿ ಕೂರುತ್ತಿದ್ದರು, ಏನನ್ನು ಕೇಳಿ ನಗುತ್ತಿದ್ದರು ಎಂಬುದನ್ನು ನೆನಪಿಟ್ಟ ಹಿರಿಯರು ಬಹುಕಾಲ ಇರುವುದಿಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಜಾನಪದ, ಮಾಧ್ಯಮ ಸಂಶೋಧಕರು ಅವರ ಮಾತುಗಳನ್ನು ಈಗಲೇ ದಾಖಲಿಸಬೇಕೆಂದು ಕೋರುತ್ತೇನೆ.