ಬಾಣದ ಮದ್ದು ಮತ್ತು ಅದರ ಸಾಗಣೆ

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಔಷಧವೆಂದೂ ಸಿಡಿಯುವ ಪುಡಿಯೆಂದೂ ಎರಡರ್ಥಗಳು ರೂಢವಾಗಿವೆ. ‘ಬಾಣ’ವೂ ಹಾಗೆಯೇ, ‘ಬಾಣಬಿರುಸು’ ಎಂಬಲ್ಲಿ ಅದು ಬಿಲ್ಲಿನ ಅಂಬಲ್ಲ, ಉರಿದು ಹಾರುವ ಕೊಳವೆ. ಹೈದರ್ ಅಲಿ, ಟಿಪ್ಪು ಸುಲ್ತಾನರ ಸೈನ್ಯದ ಕಬ್ಬಿಣದ ಬಾಣಗಳು ಈ ಜಾತಿಯವು. ಇವುಗಳ ಪರಾಕ್ರಮವನ್ನು ವರ್ಣಿಸಿದವರು ಬಹುಮಂದಿ. ಇವುಗಳ ಮದ್ದನ್ನು ಇಡುವಲ್ಲಿಯೂ ಒಯ್ಯುವಲ್ಲಿಯೂ ಇದ್ದ ಅಪಾಯವನ್ನು ವಿಚಾರಿಸಿದವರು ವಿರಳ.

ಅಗ್ನಿಚೂರ್ಣಕ್ಕೆ ಪೆಟ್ಲುಪ್ಪು ಐದು ಪಲ, ಗಂಧಕ ಒಂದು ಪಲ, ಇದ್ದಲು ಒಂದು ಪಲವೆಂದು ಶುಕ್ರನೀತಿಯು ವಿಧಿಸುತ್ತದೆ. ಈ ಭಾಗವು ಅರ್ವಾಚೀನವೆಂದು ಹಲವು ವಿದ್ವಾಂಸರ ಮತವಾದುದರಿಂದ ಮದ್ದಿನ ಪ್ರಾಚೀನತೆಗೆ ಇದು ಪ್ರಮಾಣವಾಗಲಾರದು. ಪ್ರಕೃತ ಗಮನಿಸತಕ್ಕದ್ದು ದ್ರವ್ಯಗಳ ಯೋಗವನ್ನು. ಬೇರೆಬೇರೆಯಾಗಿರುವಾಗ ಇವುಗಳಿಂದ ಅಷ್ಟು ಭಯವಿಲ್ಲ. ಬೆರೆತ ಮೇಲೆ ಒಂದು ಕಿಡಿ ಸಾಕು. ಉರಿಗೆ ಬೇಕಾದ ಪ್ರಾಣವಾಯು ಪೆಟ್ಲುಪ್ಪಿನಲ್ಲಿಯೇ ಅಡಗಿರುವುದರಿಂದ ಹೊರಗಣ ಗಾಳಿಯೂ ಬೇಕಾಗದು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷರ ಪಡೆಯು ನಾಶವಾಯಿತು. ಅವು ಮೈಸೂರಿನ ಬಾಣದಿಂದ ಸಿಡಿದುವೋ ತೋಪಿನ ಗುಂಡಿನಿಂದಲೋ ಎಂಬಲ್ಲಿ ಅಭಿಪ್ರಾಯಭೇದವುಂಟು. ಸೈನ್ಯದ ಬಲವಾಗಿದ್ದುದೇ ಅದರ ಮೃತ್ಯುವಾಯಿತೆಂಬಲ್ಲಿ ಭೇದವಿಲ್ಲ. 1799ರ ಮೇ 2ರಂದು ಅದೇ ವಿಧಿಯು ಶ್ರೀರಂಗಪಟ್ಟಣಕ್ಕೂ ತಿರುಗಿತು. ಶತ್ರುವಿನ ಗುಂಡೊಂದು ಕೋಟೆಯೊಳಗಣ ಬಾಣಗಳ ಸಂಗ್ರಹಕ್ಕೆ ತಗಲಿ ಮಹಾಸ್ಫೋಟವಾಯಿತು. ಎರಡು ದಿನಗಳಲ್ಲಿ ಕೋಟೆಯೂ ಬಿದ್ದಿತು. ಅಲ್ಲಿಯ ಮದ್ದಿನ ಮನೆಗಳನ್ನು ಇಟ್ಟಿಗೆ ಗಾರೆಗಳಿಂದ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ ಕ್ರಮವನ್ನು ನೋಡಿದರೆ, ಕಟ್ಟಿದವರು ಭಯವನ್ನು ಅರಿತಿದ್ದರೆಂಬುದು ಸ್ಪಷ್ಟ. ಕೆಳದಿಯರಸರ ರಾಜಧಾನಿಯಾಗಿದ್ದ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತುವು.

ಇದರಿಂದ ಸಿದ್ಧವಾಗುವುದೇನೆಂದರೆ, ನಿಂತ ಮದ್ದಿಗೆ ಗೋಡೆಯನ್ನು ಕಟ್ಟಬಹುದು. ನಡೆಯುವ ಮದ್ದಿಗೆ ಗೋಡೆಯಿಲ್ಲ. ಇಂದಿನ ವಿಕಾಸ್ ಯಂತ್ರದ ದ್ರವೇಂಧನವೂ ಅದರ ಉತ್ಕರ್ಷಕವೂ ಪರಸ್ಪರ ಸೋಂಕಿದೊಡನೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳತಕ್ಕವು, ಎರಡೂ ವಿಷವೇ. ಆದಕಾರಣ ಅವನ್ನು ಬೇರೆಬೇರೆಯಾಗಿಯೇ ಇಡುವುದೂ ಒಯ್ಯುವುದೂ ನಿಯಮ. ಬೆರೆಸಿ ಒಯ್ಯಬಾರದೆಂಬ ತತ್ತ್ವವು ಪೊಳ್ಳಿಲೂರಿನ ಬಂಡಿಗಳಿಂದಲೇ ಕಲಿಯಬಹುದಾಗಿದ್ದ ಪಾಠ.

ಉಡುಪಿಯ ಅಂಬಲಪಾಡಿಗೆ ಈ ವಿಚಾರವು ದೂರದ್ದಲ್ಲ. ಮಹಾಕಾಳಿ ಜನಾರ್ದನರ ಸನ್ನಿಧಿಯಿರುವ ಈ ಊರನ್ನು ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲಿನಲ್ಲಿ ಬಂಟ್ವಾಳದ ಪೆರ್ನೆಯಲ್ಲಿ, ಅಡುಗೆ ಅನಿಲದ ಟ್ಯಾಂಕರುಗಳು ಉರಿದು ದಾರಿಯ ಬದಿಯ ಮನೆಗಳವರು ಪ್ರಾಣ ಬಿಟ್ಟರು. ಅವು ಬಾಣದ ಮದ್ದಲ್ಲ, ಒಲೆಯ ಇಂಧನ. ಆದರೂ ಫಲವು ಒಂದೇ. ಪೊಳ್ಳಿಲೂರಿನಲ್ಲಿ ಮಡಿದವರು ಬಂಡಿಯಲ್ಲಿ ಏನಿದೆಯೆಂದು ಬಲ್ಲ ಯೋಧರು. ಇಲ್ಲಿ ಮಡಿದವರು ಮನೆಯಲ್ಲಿದ್ದವರು. ಬಂಡಿಯೊಳಗೆ ಇರುವುದೇನೆಂಬುದನ್ನು ದಾರಿಯ ಬದಿಯವರಿಗೆ ಮೊದಲೇ ತಿಳಿಸುವುದು ಮದ್ದನ್ನು ಒಯ್ಯುವವರ ಪ್ರಥಮ ಧರ್ಮವೆಂದು ಇತಿಹಾಸವು ಸಾರುತ್ತದೆ.