ಹದಿನಾಲ್ಕು ಇಂಚಿನಿಂದ ಜೋಡಿ ಪರದೆಗೆ

ಕೊಟ್ಟೂರಿನಲ್ಲಿ ನಾನು ಡಿಟಿಪಿ ಕಲಿತಾಗ ಮೇಜಿನ ಮೇಲಿದ್ದದ್ದು 14 ಇಂಚಿನ, ಬೆನ್ನು ಉಬ್ಬಿದ ಮಾನಿಟರ್. ಅದಕ್ಕೂ ಮುಂಚೆ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುತ್ತಿದ್ದರು. ಒತ್ತಕ್ಷರಗಳಿಗೇ ಬೇರೆ ಖಾನೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆ ಖಾನೆಗಳನ್ನೆಲ್ಲ ಬೆರಳ ತುದಿಗೆ ತಂದವು.

ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಲಗ್ನಪತ್ರಿಕೆಗಳು ಆ ಸಣ್ಣ ಪರದೆಯಲ್ಲೇ ಸಿದ್ಧವಾದವು. ಹರಪನಹಳ್ಳಿಯವರ ವಿಳಾಸದ ಸಾಲಂತೂ ಒಂದು ಚರಿತ್ರೆ: ಬಳ್ಳಾರಿ ಜಿಲ್ಲೆ ಹೋಗಿ 1997ರಲ್ಲಿ ದಾವಣಗೆರೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಪ್ರತಿ ಸಲವೂ ಹಳೆಯ ಫೈಲು ತೆರೆದು ತಿದ್ದಿದೆವು.

ಒಂದೇ ಕಂಪ್ಯೂಟರಿಗೆ ಎರಡು ಪರದೆ ಹಚ್ಚುವ ಸೌಲಭ್ಯ ವಿಂಡೋಸ್ 98ರಲ್ಲೇ ಇತ್ತು, ನಮ್ಮ ಕೈಗೆಟುಕಲಿಲ್ಲ. ಅಗತ್ಯ ಬಿದ್ದದ್ದು ಫ್ಲೆಕ್ಸ್ ಬಂದ ಮೇಲೆ. ಗುರು ಬಸವೇಶ್ವರರ ತೇರಿನ ಬ್ಯಾನರಿನಲ್ಲಿ ಸಾಲುಸಾಲು ಮುಖ, ಹೆಸರು. ಝೂಮ್ ಮಾಡಿದರೆ ಪೂರ್ತಿ ಚಿತ್ರ ಕಾಣದು, ಪೂರ್ತಿ ನೋಡಿದರೆ ಅಕ್ಷರ ಕಾಣದು.

ಈಗ ನನ್ನ ಮುಂದೆ 34 ಇಂಚಿನ ಎರಡು ಅಲ್ಟ್ರಾವೈಡ್ ಪರದೆಗಳಿವೆ. ಒಂದೊಂದರ ಅಗಲ 3440 ಪಿಕ್ಸೆಲ್, ಕೂಡಿದರೆ 6880. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಎಂಬ ಚೌಕಗಳನ್ನು ಮೇಜಿನ ಮೇಲಿದ್ದ ಕ್ರಮದಲ್ಲೇ, ಅಂಚಿಗೆ ಅಂಚು ಸಮ ಕೂರಿಸಬೇಕು. ಇಲ್ಲದಿದ್ದರೆ ಮೌಸ್ ಗಡಿಯಲ್ಲಿ ತಡೆಯುತ್ತದೆ. ಎಡಕ್ಕೆ ಇಡೀ ಬ್ಯಾನರ್, ಬಲಕ್ಕೆ ಗಿರಾಕಿ ಕಳಿಸಿದ ಹೆಸರುಗಳು. ಕಾಗುಣಿತದ ತಪ್ಪು ನಿಜಕ್ಕೂ ಕಡಿಮೆಯಾಗಿದೆ.

ಹೊಸದಾಗಿ ಅಂಗಡಿ ಹಾಕುವ ಹುಡುಗರಿಗೆ ನನ್ನ ಮಾತಿಷ್ಟು: ಮೊದಲು ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ಗಳನ್ನು, ಅದು ಎಷ್ಟು ಪಿಕ್ಸೆಲ್ ತಾಳುತ್ತದೆಂಬುದನ್ನು ನೋಡಿ, ಪರದೆ ಆಮೇಲೆ ಕೊಳ್ಳಿ.