ದುಡಿಮೆಗೆ ಮನ್ನಣೆ: ಕೆಲಸದ ಸ್ಥಳದ ಸಮಾರಂಭಗಳಿಂದ ವ್ಯವಹಾರಕ್ಕೆ ದೊರೆಯುವ ಪ್ರಯೋಜನ

ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳಲ್ಲಿ ಬಹುಪಾಲು ದುಡಿದು ಉಣ್ಣುವ ಕುಟುಂಬಗಳು. ಹೊಸೂರಿನ ಕಾರ್ಖಾನೆಗಳು, ಸೊಲ್ಲಾಪುರದ ವಿದ್ಯುತ್ ಮಗ್ಗಗಳು, ನೀಲಗಿರಿಯ ಚಹಾ ತೋಟಗಳು, ಆದವಾನಿಯ ಹತ್ತಿ ಗಿರಣಿಗಳು, ಕಾಸರಗೋಡಿನ ಅಂಗಡಿ ಮತ್ತು ಬೀಡಿ ಕೆಲಸ ನಮ್ಮವರ ಜೀವನಾಧಾರಗಳಾಗಿವೆ. ಕೆಲವರು ನಾಲ್ಕಾರು ಮಂದಿಗೆ ಕೆಲಸ ಕೊಡುವ ಸಣ್ಣ ಮಾಲೀಕರೂ ಹೌದು. ಇಂತಹ ಸ್ಥಳಗಳಲ್ಲಿ ವರ್ಷಕ್ಕೊಮ್ಮೆಯಾದರೂ ದುಡಿಯುವವರನ್ನು ಗೌರವಿಸುವ ಸಮಾರಂಭವೊಂದು ನಡೆಯುತ್ತದೆ. ಅದು ಕೇವಲ ಖರ್ಚೇ, ಅಥವಾ ವ್ಯವಹಾರಕ್ಕೂ ಅದರಿಂದ ಲಾಭವುಂಟೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿವೇಚಿಸಿದ್ದೇವೆ. ಲಾಭ ಖಂಡಿತವಾಗಿಯೂ ಉಂಟು. ಆದರೆ ನ್ಯಾಯವಾಗಿ ಸಲ್ಲಬೇಕಾದ ಕೂಲಿ ಮೊದಲು ಸಂದಿರಬೇಕು, ಆ ಬಳಿಕ ಹೇಳುವ ಕೃತಜ್ಞತೆ ದುಡಿದವರಿಗೆ ಅರ್ಥವಾಗುವಂತಿರಬೇಕು. ಇವೆರಡೂ ಇಲ್ಲದಿದ್ದರೆ ಸಮಾರಂಭ ಮುಗಿದ ಮೇಲೆ ಉಳಿಯುವುದು ಶಾಮಿಯಾನದ ಬಾಡಿಗೆಯ ರಸೀದಿ ಮಾತ್ರ.

ಸಮಾರಂಭಗಳ ಬಗೆಗಳು

ನಮ್ಮ ಕಡೆ ಅತ್ಯಂತ ಹಳೆಯದೂ ವ್ಯಾಪಕವೂ ಆದದ್ದು ಆಯುಧಪೂಜೆ. ಮಹಾನವಮಿಯಂದು ಯಂತ್ರಗಳನ್ನು ತೊಳೆದು ಒರಸಿ, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ, ಹುರಿಗಡಲೆ, ಸಿಹಿ ಹಂಚುವ ಪದ್ಧತಿ ಸೈಕಲ್ ಅಂಗಡಿಯಿಂದ ದೊಡ್ಡ ಕಾರ್ಖಾನೆಯವರೆಗೆ ಒಂದೇ ಬಗೆಯದು. ಮಹಾರಾಷ್ಟ್ರದ ಕಡೆ ಇದನ್ನೇ ಖಂಡೇನವಮಿ ಎನ್ನುತ್ತಾರೆ. ಈ ಹಬ್ಬದಲ್ಲಿ ಒಂದು ವ್ಯಾವಹಾರಿಕ ಗುಣವೂ ಅಡಗಿದೆ: ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ ತೊಳೆಯುವಾಗ ಸವೆದ ಬೆಲ್ಟು, ಸಡಿಲವಾದ ಬೋಲ್ಟು, ಸೋರುವ ಎಣ್ಣೆ ಕಣ್ಣಿಗೆ ಬೀಳುತ್ತವೆ. ಯಂತ್ರವನ್ನು ನಿತ್ಯ ನಡೆಸುವವರೇ ಆ ದಿನ ಅದರ ಮುಂದೆ ಯಜಮಾನರಂತೆ ನಿಲ್ಲುತ್ತಾರೆ.

ಇನ್ನುಳಿದ ಬಗೆಗಳೆಂದರೆ ದೀರ್ಘಕಾಲ ದುಡಿದವರ ಸನ್ಮಾನ, ನಿವೃತ್ತರ ಬೀಳ್ಕೊಡುಗೆ, ಮನೆಯವರನ್ನು ಕರೆದು ಕೆಲಸದ ಸ್ಥಳ ತೋರಿಸುವ ಕುಟುಂಬ ದಿನ, ಅಪಘಾತವಿಲ್ಲದೆ ವರ್ಷ ಕಳೆದುದಕ್ಕೆ ಸುರಕ್ಷಾ ದಿನ, ಮತ್ತು ಸಂಸ್ಥಾಪಕರ ದಿನ. ಜಮ್ಶೆಡ್‌ಪುರದಲ್ಲಿ ಜಮ್ಸೆಟ್‌ಜಿ ಟಾಟಾ ಅವರ ಜನ್ಮದಿನವಾದ ಮಾರ್ಚ್ 3ನ್ನು ಸಂಸ್ಥಾಪಕರ ದಿನವಾಗಿ ಆಚರಿಸುವುದು ಈ ಕೊನೆಯ ಬಗೆಗೆ ಪ್ರಸಿದ್ಧ ಉದಾಹರಣೆ.

ಬೋನಸ್ ಹಕ್ಕು, ಬಹುಮಾನವಲ್ಲ

ಹಬ್ಬದ ಹೊತ್ತಿಗೆ ಕೈಸೇರುವ ಬೋನಸ್ಸನ್ನು ಮಾಲೀಕರ ಔದಾರ್ಯವೆಂದು ತಿಳಿಯುವವರು ಇನ್ನೂ ಇದ್ದಾರೆ. ಮೊದಲಿಗೆ ಅದು ಹಾಗೆಯೇ ಇತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳು ಬೆಲೆಯೇರಿಕೆಯ ಕಾರಣ ಕಾರ್ಮಿಕರಿಗೆ ಸಂಬಳದ ಶೇಕಡ 10ರಷ್ಟು ಯುದ್ಧ ಬೋನಸ್ ಕೊಟ್ಟವು. ಮುಂದೆ ಕಾರ್ಮಿಕರು ಹೋರಾಡಿ ಅದನ್ನು ತಮ್ಮ ಪಾಲಿನ ಹಕ್ಕಾಗಿ ಪಡೆದರು; 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂದಿತು. ಅದರ ನಂತರದ ತಿದ್ದುಪಡಿಗಳಂತೆ ಕನಿಷ್ಠ ಬೋನಸ್ ಶೇಕಡ 8.33, ಗರಿಷ್ಠ ಶೇಕಡ 20. ಹನ್ನೆರಡು ತಿಂಗಳ ಸಂಬಳದ ಶೇಕಡ 8.33 ಎಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ; ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಾತ್ರ ಕಾನೂನಿನಲ್ಲಿ ಮಿತಿಯುಂಟು. 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ, ಸಂಬಳದ ಮಿತಿಯೊಳಗಿದ್ದು ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದವರಿಗೆ ಇದು ಸಲ್ಲುತ್ತದೆ. 2019ರ ವೇತನ ಸಂಹಿತೆಯೂ ಇದೇ ಪ್ರಮಾಣಗಳನ್ನು ಇರಿಸಿಕೊಂಡಿದೆ.

ಆದ್ದರಿಂದ ಬೋನಸ್ ವಿತರಣೆಯನ್ನೇ ಸನ್ಮಾನವೆಂದು ಕರೆಯುವುದು ಸರಿಯಲ್ಲ. ಸಾಲ ತೀರಿಸಿದವನು ದಾನ ಕೊಟ್ಟೆನೆಂದರೆ ಕೇಳುವವರು ನಗುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಕೂಲಿ ಬಾಕಿಯಿಟ್ಟು ಸಮಾರಂಭ ನಡೆಸುವವರಿಗೂ ಅನ್ವಯಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ತಮ್ಮ ಸಂಗಡಿಗರೊಡನೆ ಪ್ರಕಟಿಸಿದ ಅಧ್ಯಯನವೂ ಈ ವಿಂಗಡಣೆಯನ್ನೇ ಮಾಡುತ್ತದೆ. ಸಂಬಳ, ಕೆಲಸದ ಪರಿಸ್ಥಿತಿ ಮೊದಲಾದವು ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ. ಸಾಧನೆ, ಮನ್ನಣೆ, ಜವಾಬ್ದಾರಿ ಮೊದಲಾದವು ಉತ್ಸಾಹವನ್ನು ಹುಟ್ಟಿಸುತ್ತವೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಲಾಭ ಬರುವ ದಾರಿ

ಮೊದಲನೆಯದು, ನುರಿತವರು ಉಳಿಯುವುದು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಆರು ಮಂದಿ ದುಡಿಯುವ ಹೊಲಿಗೆ ಅಂಗಡಿಯಲ್ಲಿ ತಿಂಗಳ ಸಂಬಳ ತಲಾ 15,000 ರೂಪಾಯಿ ಎನ್ನೋಣ. ನುರಿತ ಒಬ್ಬರು ಬಿಟ್ಟುಹೋಗಿ, ಹೊಸಬರು ಎರಡು ತಿಂಗಳು ಅರ್ಧದಷ್ಟೇ ಕೆಲಸ ಮಾಡಬಲ್ಲರಾದರೆ, 30,000 ರೂಪಾಯಿ ಕೊಟ್ಟ ಮಾಲೀಕರಿಗೆ 15,000 ರೂಪಾಯಿಯ ಕೆಲಸ ದೊರೆಯುವುದಿಲ್ಲ. ಕೆಟ್ಟ ಬಟ್ಟೆ, ತಡವಾದ ಆರ್ಡರು, ಮುನಿದ ಗಿರಾಕಿ ಇವು ಬೇರೆ. ವರ್ಷಕ್ಕೊಮ್ಮೆ ಆರು ಮಂದಿಗೆ ತಲಾ 500 ರೂಪಾಯಿಯ ಊಟ, ಉಡುಗೊರೆ ಮಾಡಿದರೆ ಖರ್ಚು 3,000. ಐದು ವರ್ಷಗಳಲ್ಲಿ ಹೋಗಲಿದ್ದ ಒಬ್ಬರು ಉಳಿದುಕೊಂಡರೂ ಆ ಖರ್ಚೆಲ್ಲ ಹುಟ್ಟಿತು.

ಎರಡನೆಯದು, ಕೆಲಸದಲ್ಲಿ ತೋರುವ ಆಸಕ್ತಿ. ಆಡಂ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ದೂರವಾಣಿಯ ಮೂಲಕ ದೇಣಿಗೆ ಕೇಳುವ ಸಿಬ್ಬಂದಿಯ ಮೇಲೆ ನಡೆದದ್ದು. ಒಂದು ಗುಂಪಿನ ಬಳಿಗೆ ಮೇಲಧಿಕಾರಿ ಸ್ವತಃ ಬಂದು ಅವರ ದುಡಿಮೆಗೆ ಕೃತಜ್ಞತೆ ಹೇಳಿದರು. ಇನ್ನೊಂದು ಗುಂಪಿನ ಬಳಿಗೆ ಬರಲಿಲ್ಲ. ಮುಂದಿನ ವಾರ ಮೊದಲ ಗುಂಪಿನವರು ಮಾಡಿದ ಕರೆಗಳು ಶೇಕಡ 50ಕ್ಕೂ ಮಿಕ್ಕಿ ಹೆಚ್ಚಿದವು. ಸಂಬಳದಲ್ಲಿ ಬದಲಾವಣೆಯೇನೂ ಇರಲಿಲ್ಲ.

ಮೂರನೆಯದು, ಉಡುಗೊರೆಯಲ್ಲಿ ಕಾಣುವ ಮನಸ್ಸು. ಜರ್ಮನಿಯ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡಲು ತಾತ್ಕಾಲಿಕವಾಗಿ ಬಂದವರ ಮೇಲೆ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸಂಬಳದ ಮೇಲೆ 7 ಯೂರೊ ನಗದು, ಕೆಲವರಿಗೆ ಅಷ್ಟೇ ಬೆಲೆಯ ಥರ್ಮಾಸ್ ಫ್ಲಾಸ್ಕ್ ಕೊಡಲಾಯಿತು. ನಗದು ಪಡೆದವರ ಕೆಲಸದಲ್ಲಿ ಗಣನೀಯ ಹೆಚ್ಚಳವಾಗಲಿಲ್ಲ. ಫ್ಲಾಸ್ಕ್ ಪಡೆದವರ ಕೆಲಸ ಸುಮಾರು ಕಾಲು ಭಾಗದಷ್ಟು ಹೆಚ್ಚಿತು. ನೋಟನ್ನೇ ಕಲಾತ್ಮಕವಾಗಿ ಮಡಚಿ ಕೊಟ್ಟಾಗಲೂ ಇಂಥದೇ ಫಲ ಕಂಡಿತು. ಕೊಟ್ಟವರು ತಮಗಾಗಿ ಸಮಯವನ್ನೂ ಯೋಚನೆಯನ್ನೂ ವ್ಯಯಿಸಿದ್ದಾರೆಂಬ ಅರಿವೇ ಇಲ್ಲಿ ಕೆಲಸ ಮಾಡಿತು.

ನಾಲ್ಕನೆಯದು, ನೋಡುವವರ ಮೇಲಿನ ಪ್ರಭಾವ. 2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, 300ಕ್ಕೂ ಹೆಚ್ಚು ಮಂದಿ ಸಣ್ಣ ಗುಂಪುಗಳಲ್ಲಿ ಕೆಲಸ ಮಾಡುತ್ತಿದ್ದಾಗ, ಚೆನ್ನಾಗಿ ದುಡಿದ ಕೆಲವರಿಗೆ ಎಲ್ಲರೆದುರು ಧನ್ಯವಾದದ ಕಾರ್ಡು ನೀಡಲಾಯಿತು. ಆ ಬಳಿಕ ಕೆಲಸ ಹೆಚ್ಚಿಸಿದವರಲ್ಲಿ ಕಾರ್ಡು ಸಿಗದವರೇ ಪ್ರಮುಖರು. ಒಳ್ಳೆಯ ಕೆಲಸವೆಂದರೆ ಏನೆಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತ್ತು.

ಕೆಡುವ ದಾರಿ

ಮನ್ನಣೆ ತಪ್ಪಿದರೆ ನಷ್ಟವೂ ಆಗುತ್ತದೆ. ಅಮೆರಿಕದ ಒಂದು ಕೈಗಾರಿಕಾ ಬಟ್ಟೆ ಒಗೆಯುವ ಘಟಕದಲ್ಲಿ, ತಿಂಗಳಿಡೀ ತಪ್ಪದೆ ಸಮಯಕ್ಕೆ ಸರಿಯಾಗಿ ಬಂದವರಿಗೆ ಪುರಸ್ಕಾರ ಇಡಲಾಯಿತು. ಮೊದಲಿನಿಂದಲೂ ಕ್ರಮವಾಗಿ ಬರುತ್ತಿದ್ದ ಒಳ್ಳೆಯ ಕೆಲಸಗಾರರ ಉತ್ಸಾಹ ಕುಗ್ಗಿತು. ಉಳಿದ ಕೆಲವರು ಪುರಸ್ಕಾರದ ನಿಯಮಕ್ಕಷ್ಟೇ ಹೊಂದಿಕೊಂಡರು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಘಟಕದ ಉತ್ಪಾದಕತೆ ಶೇಕಡ 1.4ರಷ್ಟು ಇಳಿಯಿತು.

ಶಾಲೆಗಳಲ್ಲಿ ಪೂರ್ಣ ಹಾಜರಿಗೆ ಪ್ರಶಸ್ತಿ ಕೊಡುವ ನಾವೂ ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾಲಿಫೋರ್ನಿಯಾದ ಸುಮಾರು 15,000 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮುನ್ಸೂಚನೆಯಿಲ್ಲದೆ ಹಾಜರಿ ಪ್ರಶಸ್ತಿ ಪಡೆದ ಮಕ್ಕಳು ಮುಂದಿನ ತಿಂಗಳು ಪ್ರಶಸ್ತಿ ಸಿಗದವರಿಗಿಂತ ಹೆಚ್ಚು ದಿನ ಗೈರುಹಾಜರಾದರು. ಸಹಪಾಠಿಗಳಿಗಿಂತ, ಶಾಲೆಯ ನಿರೀಕ್ಷೆಗಿಂತ ತಾವು ಹೆಚ್ಚೇ ಬಂದಿದ್ದೇವೆಂಬ ಅರ್ಥವನ್ನು ಆ ಪ್ರಶಸ್ತಿ ಮಕ್ಕಳಿಗೆ ಕೊಟ್ಟಿರಬೇಕೆಂದು ಸಂಶೋಧಕರು ವಿವರಿಸುತ್ತಾರೆ.

ಇವಲ್ಲದೆ ಕಣ್ಣಿಗೆ ಕಾಣುವ ತಪ್ಪುಗಳೂ ಉಂಟು: ವಾರದ ರಜೆಯನ್ನು ಕಸಿದು ಸಮಾರಂಭಕ್ಕೆ ಬರಲೇಬೇಕೆನ್ನುವುದು, ಕಾಯಂ ನೌಕರರನ್ನು ಕೂರಿಸಿ ಗುತ್ತಿಗೆಯವರಿಂದ ಕುರ್ಚಿ ಹೊರಿಸುವುದು, ಪ್ರತಿವರ್ಷ ಅದೇ ಮುಖಗಳಿಗೆ ಶಾಲು ಹೊದಿಸುವುದು, ಅತಿಥಿಗಳ ಭಾಷಣ ಮುಗಿಯುವವರೆಗೆ ದುಡಿದವರನ್ನು ಹಸಿದಿರಿಸುವುದು.

ಯಾವ ಭಾಷೆಯಲ್ಲಿ ಕೃತಜ್ಞತೆ?

ಒಂದೇ ಛಾವಣಿಯಡಿ ನಾಲ್ಕು ಭಾಷೆಯವರು ದುಡಿಯುವುದು ಗಡಿನಾಡಿನ ಸಹಜ ಸ್ಥಿತಿ. ಹೊಸೂರಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ, ತುಳು. ಸೊಲ್ಲಾಪುರದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು. ಇಂತಹ ಕಡೆ ಕಚೇರಿಯ ಒಂದೇ ಭಾಷೆಯಲ್ಲಿ, ಇಲ್ಲವೇ ಬರೀ ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳಿದರೆ ಯಾರನ್ನು ಉದ್ದೇಶಿಸಲಾಗಿದೆಯೋ ಅವರಿಗೇ ಅದು ಮುಟ್ಟುವುದಿಲ್ಲ. ಹೆಸರನ್ನು ತಪ್ಪಾಗಿ ಕೂಗಿದರೆ, ಪ್ರಮಾಣಪತ್ರದಲ್ಲಿ ತಪ್ಪಾಗಿ ಬರೆದರೆ, ಮನ್ನಣೆಯೇ ಅವಮಾನವಾಗುತ್ತದೆ.

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಆಹ್ವಾನವನ್ನು ಎರಡು ಮೂರು ಭಾಷೆಗಳಲ್ಲಿ ಅಚ್ಚು ಹಾಕಿಸಬಹುದು. ಸನ್ಮಾನಿತರ ಹೆಸರನ್ನು ಅವರ ಓದುವ ಲಿಪಿಯಲ್ಲೂ ಬರೆಯಿಸಬಹುದು. ಯಾವ ಕೆಲಸಕ್ಕಾಗಿ ಗೌರವ ಎಂಬ ಒಂದು ವಾಕ್ಯವನ್ನಾದರೂ ಅವರ ಮನೆಮಾತಿನಲ್ಲಿ ಹೇಳಿಸಬಹುದು. ರಾಜ್ಯಭಾಷೆಯನ್ನೂ ಕನ್ನಡವನ್ನೂ ಬಲ್ಲ ನಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಸಮರ್ಥರು. ಅವರು ಈ ವಿಷಯವನ್ನು ಆಡಳಿತದವರ ಮುಂದೆ ಸವಿನಯವಾಗಿ ಇಟ್ಟರೆ ಸುರಕ್ಷಾ ಸೂಚನೆಗಳನ್ನೂ ಕನ್ನಡದಲ್ಲಿ ಕೇಳುವ ದಾರಿ ತೆರೆದೀತು.

ಸಣ್ಣ ಮಾಲೀಕರಿಗೂ ಶಾಲೆಗಳಿಗೂ

ನಾಲ್ಕಾರು ಮಂದಿಗೆ ಕೆಲಸ ಕೊಡುವವರು ಇಷ್ಟನ್ನು ಪಾಲಿಸಿದರೆ ಸಾಕು.

1. ಸಮಾರಂಭಕ್ಕೆ ಮೊದಲು ಸಂಬಳ, ಬೋನಸ್, ಹೆಚ್ಚುವರಿ ಕೆಲಸದ ಹಣ ಯಾವುದೂ ಬಾಕಿ ಇರಬಾರದು.
2. ಕೆಲಸದ ವೇಳೆಯಲ್ಲಿ, ಸಂಬಳ ಕಡಿತವಿಲ್ಲದೆ ನಡೆಸಬೇಕು.
3. ‘ಎಲ್ಲರಿಗೂ ಧನ್ಯವಾದ’ ಎಂಬ ಮಾತಷ್ಟೇ ಸಾಲದು. ಯಾರು ಯಾವ ಕೆಲಸವನ್ನು ಹೇಗೆ ನಿರ್ವಹಿಸಿದರೆಂದು ಹೆಸರಿಟ್ಟು ಹೇಳಬೇಕು.
4. ಗುಡಿಸುವವರು, ಕಾವಲಿನವರು, ಗುತ್ತಿಗೆಯವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ಆ ದಿನ ಮಾಲೀಕರೇ ಬಡಿಸಿದರೆ ಇನ್ನೂ ಚೆನ್ನ.
5. ಮನೆಯವರನ್ನೂ ಕರೆಯಬೇಕು. ತಂದೆಯೋ ತಾಯಿಯೋ ಗೌರವ ಪಡೆಯುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕು.
6. ಮುಂದಿನ ವರ್ಷ ಎಷ್ಟು ಮಂದಿ ಉಳಿದರು, ಎಷ್ಟು ಕೆಲಸ ಕೆಟ್ಟಿತೆಂಬುದನ್ನು ಬರೆದಿಟ್ಟು ಹೋಲಿಸಬೇಕು.

ನಮ್ಮ ಶಾಲೆಗಳೂ ಕೆಲಸದ ಸ್ಥಳಗಳೇ. ಸೆಪ್ಟೆಂಬರ್ 5ರಂದು ಶಿಕ್ಷಕರನ್ನು ಗೌರವಿಸುತ್ತೇವೆ. ಮಧ್ಯಾಹ್ನದ ಊಟ ಬೇಯಿಸುವ ತಾಯಂದಿರು, ಮಕ್ಕಳನ್ನು ಕರೆತರುವ ವಾಹನ ಚಾಲಕರು, ಅಂಗಳ ಗುಡಿಸುವವರು ಅದೇ ವೇದಿಕೆಗೆ ಬರಬೇಕಾದವರು. ವಾರ್ಷಿಕೋತ್ಸವದ ದಿನ ಅವರ ಹೆಸರನ್ನು ಕೂಗಿ, ಅವರ ಕೆಲಸವನ್ನು ಮಕ್ಕಳ ಬಾಯಿಂದಲೇ ಹೇಳಿಸಲು ರಕ್ಷಕ ಶಿಕ್ಷಕ ಸಂಘಗಳಿಗೆ ಹೆಚ್ಚು ಹಣವೇನೂ ಬೇಕಾಗದು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಕಲಿಸುತ್ತೇವೆ. ಕೆಸರಾದ ಕೈಯನ್ನು ಹೆಸರು ಹಿಡಿದು ಕರೆದು ಗೌರವಿಸುವುದನ್ನೂ ಅವರಿಗೆ ಕಲಿಸೋಣ. ಅವರಲ್ಲಿ ಅನೇಕರು ನಾಳೆ ಕೆಲಸಗಾರರಾಗುತ್ತಾರೆ, ಕೆಲವರು ಕೆಲಸ ಕೊಡುವವರಾಗುತ್ತಾರೆ. ಎರಡೂ ಕಡೆಗೆ ಈ ಪಾಠ ಬೇಕು.